ಬಿರುಗಾಳಿಯ ವರ್ಷ

ಕಾಡಿನ ಬಾಯಲ್ಲಿ ಒಂದು ಬೋರ್ಡಿದೆ. ಮನುಷ್ಯರು ಎಂದೂ ಮುಟ್ಟದ ಕಾಡು ಇದು ಎಂದು ಅದರಲ್ಲಿ ಬರೆದಿದೆ. ನನ್ನ ಅಜ್ಜಿ ಆ ಕಾಡಿನಲ್ಲಿದ್ದಾಳೆ. ಅವಳ ಅಪ್ಪನೂ ಅಲ್ಲೇ. ನಮ್ಮ ಕೊಳ್ಳದ ಅರ್ಧ ಜನ ಅಲ್ಲೇ ಮಣ್ಣಿನಡಿ ಮಲಗಿದ್ದಾರೆ. ಅವರನ್ನು ಹೊತ್ತವರು, ಗುಂಡಿ ತೋಡಿದವರು ನಮ್ಮವರೇ. ಹಾಗಾದರೆ ಬೋರ್ಡು ಸುಳ್ಳು ಹೇಳುತ್ತಿರಬೇಕು, ಇಲ್ಲವೇ ನಾವು ಮನುಷ್ಯರ ಲೆಕ್ಕಕ್ಕೆ ಬಂದಿಲ್ಲದಿರಬೇಕು. ವಿಶ್ವವಿದ್ಯಾಲಯ ಹಾಕಿಸಿದ ಬೋರ್ಡು ಸುಳ್ಳು ಹೇಳುವುದಿಲ್ಲ.

ನಾನು ಅದೇ ವಿಶ್ವವಿದ್ಯಾಲಯದಲ್ಲಿ ಜೀವಶಾಸ್ತ್ರ ಓದಿದೆ. ಈಗ ಇಲ್ಲಿನ ಹೈಸ್ಕೂಲಿನಲ್ಲಿ ಅದನ್ನೇ ಪಾಠ ಮಾಡುತ್ತೇನೆ. ಆ ಕಾಡಿನ ಬಗ್ಗೆ ಅವರು ಹೇಳುವುದು ನನಗೆ ಗೊತ್ತು, ನಮ್ಮವರು ಹೇಳುವುದೂ ಗೊತ್ತು. ಎರಡನ್ನೂ ಹೇಳುತ್ತೇನೆ.

ನಮ್ಮವರು ಹೇಳುವುದು ಹೀಗೆ. ಅಮೆರಿಕದ ಪೂರ್ವ ಕೆಂಟಕಿಯ ಈ ಬೆಟ್ಟಗಳಲ್ಲಿ ಕಲ್ಲಿದ್ದಲಿನ ಕಂಪನಿಯೇ ಸರಕಾರವಾಗಿತ್ತು. ಮನೆ ಅದರದು, ಅಂಗಡಿ ಅದರದು, ಸ್ಮಶಾನವೂ ಅದರದೇ. ಸತ್ತ ಬಿಳಿಯರಿಗೆ ಹೊಳೆ ದಂಡೆಯ ಸಮತಟ್ಟು ನೆಲ ಕೊಟ್ಟರು. ಕರಿಯರಿಗೆ ನೇಗಿಲು ಕೂಡ ನಿಲ್ಲದ ಇಳಿಜಾರು, ದೊಡ್ಡ ಮರಗಳ ನಡುವೆ. ಗಣಿಯೊಳಗೆ ಚಾವಣಿ ಕುಸಿಯದಂತೆ ಮರದ ಕಂಬ ಕೊಡಲು ಸುತ್ತಲಿನ ಬೆಟ್ಟಗಳನ್ನೆಲ್ಲ ಕಂಪನಿ ಬೋಳಿಸಿತು. ಈ ಇಳಿಜಾರು ಮಾತ್ರ ಉಳಿಯಿತು. ಮರ ಕಡಿಯುವ ಬಿಳಿಯರು ಅಲ್ಲಿಗೆ ಬರಲು ಒಪ್ಪಲಿಲ್ಲ. ಬದುಕಿದ್ದಾಗ ನಮಗೆ ಹೆದರದವರು ಸತ್ತ ಮೇಲೆ ಹೆದರಿದರು. ಕಾಡು ಉಳಿದದ್ದು ಆ ಹೆದರಿಕೆಯಿಂದ.

ಮುಂದೆ ಕಂಪನಿ ಆ ಇಳಿಜಾರನ್ನು ವಿಶ್ವವಿದ್ಯಾಲಯಕ್ಕೆ ದಾನ ಕೊಟ್ಟಿತು. ನೆಲದಡಿಯ ಕಲ್ಲಿದ್ದಲನ್ನು ಮಾತ್ರ ತಾನೇ ಇಟ್ಟುಕೊಂಡಿತು. ದಾನಕ್ಕಾಗಿ ತೆರಿಗೆ ವಿನಾಯಿತಿ ಸಿಕ್ಕಿತು, ಸನ್ಮಾನವೂ ಆಯಿತು.

ವಿಶ್ವವಿದ್ಯಾಲಯದವರು ಬೇಸಿಗೆ ರಜೆಯಲ್ಲಿ, ಜೂನ್ ತಿಂಗಳಲ್ಲಿ, ಟೇಪು ಹಿಡಿದು ಬರುತ್ತಿದ್ದರು. ನಮ್ಮವರು ಗೋರಿ ಸಿಂಗರಿಸುವುದು ಮೇ ತಿಂಗಳ ಕೊನೆಯ ಭಾನುವಾರ. ಹೀಗಾಗಿ ಇಬ್ಬರೂ ಒಬ್ಬರನ್ನೊಬ್ಬರು ಕಾಣಲಿಲ್ಲ. ಆ ಭಾನುವಾರ ಗುದ್ದಲಿ, ಹೂವು, ಹುರಿದ ಕೋಳಿ, ಪದರ ಪದರದ ಸೇಬಿನ ಕೇಕು ಎಲ್ಲ ಹೊತ್ತುಕೊಂಡು ಇಡೀ ಕೊಳ್ಳ ಮೇಲೆ ಹತ್ತುತ್ತಿತ್ತು. ಒಳಗೆ ಶವಪೆಟ್ಟಿಗೆ ಕುಸಿದು ಕುಳಿ ಬಿದ್ದ ಗೋರಿಗಳ ಪಕ್ಕಕ್ಕೆ ಮಣ್ಣು ಎಳೆದು ದಿಬ್ಬ ಕಟ್ಟುತ್ತಿದ್ದರು. ಸತ್ತವರು ಕೊನೆಗೆ ಬಳಸಿದ ಬಟ್ಟಲು, ಔಷಧಿ ಸೀಸೆ, ದೀಪದ ಗಾಜು ಗೋರಿಯ ಮೇಲೆ ಇಡುವುದು ನಮ್ಮ ಪದ್ಧತಿ. ಒಡೆದು ಇಡಬೇಕು. ಇಡಿಯಾಗಿ ಇಟ್ಟರೆ ಸಾವು ಮನೆಯ ಇನ್ನೊಬ್ಬರನ್ನು ಕರೆಯುತ್ತದೆ.

ಈಗ ಅವರು ಹೇಳುವುದು. ಹಳೆಯ ಕಾಡಿನ ನೆಲ ಸಮತಟ್ಟಾಗಿರುವುದಿಲ್ಲ. ದೊಡ್ಡ ಮರ ಬೇರು ಸಮೇತ ಉರುಳಿದಾಗ ಬೇರು ಕಿತ್ತ ಜಾಗದಲ್ಲಿ ಕುಳಿ ಬೀಳುತ್ತದೆ. ಬೇರಿಗೆ ಅಂಟಿದ ಮಣ್ಣು ಉದುರಿ ಪಕ್ಕದಲ್ಲಿ ದಿಬ್ಬವಾಗುತ್ತದೆ. ಉತ್ತ ನೆಲದಲ್ಲಿ, ಕಡಿದ ಕಾಡಿನಲ್ಲಿ ಇದು ಸಿಗುವುದಿಲ್ಲ. ಕುಳಿ ಮತ್ತು ದಿಬ್ಬ ಇದೆಯೆಂದರೆ ಮನುಷ್ಯರು ಕಾಲಿಟ್ಟಿಲ್ಲ ಎಂದು ಅರ್ಥ. ಇದು ಸರಿಯಾದ ವಿಜ್ಞಾನ. ನಾನೂ ಮಕ್ಕಳಿಗೆ ಇದನ್ನೇ ಹೇಳಿಕೊಡುತ್ತೇನೆ.

ಪದವಿಯ ಎರಡನೆಯ ವರ್ಷದಲ್ಲಿದ್ದಾಗ ನಮ್ಮನ್ನು ಆ ಕಾಡಿಗೆ ಕರೆದುಕೊಂಡು ಹೋದರು. ಕಾಡಿನ ನಿರ್ದೇಶಕಿ ಡಾಕ್ಟರ್ ಹ್ಯಾಲಮ್ ಪಾಠ ಮಾಡಿದರು. ತೆಳ್ಳನೆಯ ಹೆಂಗಸು, ಮೆಲುದನಿ. ಈ ಇಳಿಜಾರಿನ ಕುಳಿ ದಿಬ್ಬಗಳ ಮೇಲೆ ಅವರು ಬರೆದದ್ದು ಪಠ್ಯಪುಸ್ತಕಕ್ಕೆ ಸೇರಿತ್ತು. ದಿಬ್ಬಗಳೆಲ್ಲ ಒಂದೇ ದಿಕ್ಕಿಗೆ, ಪಡುವಣದಿಂದ ಮೂಡಣಕ್ಕೆ ಚಾಚಿಕೊಂಡಿವೆ. ಆದ್ದರಿಂದ ಒಂದೇ ಬಿರುಗಾಳಿಗೆ ಬಿದ್ದ ಮರಗಳು ಇವು. ದಿಬ್ಬಗಳ ಮೇಲೆ ಆಮೇಲೆ ಹುಟ್ಟಿದ ಮರಗಳ ಉಂಗುರ ಎಣಿಸಿ ಆ ಬಿರುಗಾಳಿಯ ವರ್ಷವನ್ನೂ ಕಂಡುಹಿಡಿದಿದ್ದರು.

ವರ್ಷ ಸರಿಯಾಗಿತ್ತು. ಆ ವರ್ಷ ಗಣಿಯೊಳಗೆ ಅನಿಲ ಹೊತ್ತಿಕೊಂಡಿತು. ಒಂದು ಪಾಳಿಯ ಗಂಡಸರು ಪೂರ್ತಿ ಸತ್ತರು. ಕರಿಯರ ಪೆಟ್ಟಿಗೆಗಳು ಸಾಲಾಗಿ ಈ ಇಳಿಜಾರು ಹತ್ತಿದವು. ಸತ್ತವರನ್ನು ದೇವರು ಎಬ್ಬಿಸುವ ತೀರ್ಪಿನ ದಿನ ಎದ್ದು ಕೂತಾಗ ಸೂರ್ಯ ಎದುರಿಗಿರಲಿ ಎಂದು ತಲೆ ಪಡುವಣಕ್ಕೆ, ಕಾಲು ಮೂಡಣಕ್ಕೆ ಇಟ್ಟು ಮಣ್ಣು ಮಾಡಿದರು. ಗಾಳಿ ಬೀಸಿದ್ದು ನಿಜವೇ. ಬೀಸಿದ್ದು ನೆಲದಡಿ.

ನಾನು ಕೈ ಎತ್ತಿದೆ. "ಮೇಡಂ, ಇವು ಗೋರಿಗಳು. ಅಗೋ ಅದು ನಮ್ಮಜ್ಜಿ."

ಹ್ಯಾಲಮ್ ಸಿಟ್ಟಾಗಲಿಲ್ಲ. ಅವರು ಎಂದೂ ಸಿಟ್ಟಾದವರಲ್ಲ. "ತುಂಬಾ ಸ್ವಾರಸ್ಯವಾಗಿದೆ ಥಿಯಾ. ಜನ ಬಾಯಲ್ಲಿ ಹೇಳ್ಕೊಂಡು ಬರೋ ಇತಿಹಾಸದ ಮೇಲೆ ನಂಗೆ ಗೌರವ ಇದೆ. ಆದ್ರೆ ಆಧಾರ?"

"ಅಗೆದು ನೋಡಬಹುದು ಮೇಡಂ."

"ಅಗೆಯೋ ಹಾಗಿಲ್ವಲ್ಲ. ಸಂರಕ್ಷಿತ ಕಾಡು."

ಸಹಪಾಠಿಗಳು ಬರೆದುಕೊಂಡರು. ನನ್ನ ಮಾತನ್ನಲ್ಲ, ಬಿರುಗಾಳಿಯ ವರ್ಷವನ್ನು.

ಕಾಡಿನ ಬಾಯಿಗೆ ಸರಪಳಿ ಬಿದ್ದದ್ದು ನಾನು ಚಿಕ್ಕವಳಿದ್ದಾಗ. ಹ್ಯಾಲಮ್ ಅಧಿಕಾರಕ್ಕೆ ಬಂದ ಹೊಸದು. ಅಂದಿನಿಂದ ನಮ್ಮವರು ಮೇ ಭಾನುವಾರ ಸರಪಳಿಯ ಈಚೆಗೇ ನಿಂತು ಹೂವಿಟ್ಟು, ಕೋಳಿ ತಿಂದು, ಹಾಡಿ ಬರುತ್ತಿದ್ದರು. ಮಣ್ಣು ಎಳೆಯುವವರಿಲ್ಲದೆ ದಿಬ್ಬಗಳು ಕರಗತೊಡಗಿದವು. ಅಷ್ಟು ವರ್ಷ ಚೂಪಾಗಿದ್ದ ದಿಬ್ಬಗಳು ಈಗೇಕೆ ಕರಗುತ್ತಿವೆ ಎಂದು ಇಬ್ಬರು ವಿದ್ಯಾರ್ಥಿಗಳು ಸಂಶೋಧನೆ ಮಾಡಿ ಪಿಎಚ್‌.ಡಿ. ಪಡೆದರು. ಆಮ್ಲಮಳೆ ಕಾರಣವಂತೆ.

ಒಂದು ವರ್ಷ ಭೂಮಿ ದಿನಾಚರಣೆಗೆ ಬಸ್ಸಿನಲ್ಲಿ ಬಂದ ವಿದ್ಯಾರ್ಥಿಗಳು ಕಾಡಿನ ಕಸ ಹೆಕ್ಕಿದರು. ಒಡೆದ ಬಟ್ಟಲು, ಸೀಸೆ, ಗಾಜು, ಚೀಲಗಟ್ಟಲೆ. ಪತ್ರಿಕೆಯಲ್ಲಿ ಫೋಟೋ ಬಂತು. ಮುಂದಿನ ಸಾಲಿನ ಹುಡುಗಿಯ ಕೈಯಲ್ಲಿ ಒಂದು ಹಾಲಿನ ಬಾಟಲಿ ಇತ್ತು. ಕತ್ತು ಮುರಿದ, ಚಪ್ಪಟೆ, ಹಳೇ ಕಾಲದ್ದು. ಓಜೆಲ್ಲಾ ದೊಡ್ಡಮ್ಮ ಪತ್ರಿಕೆಯನ್ನು ಮೂಗಿನ ತನಕ ತಂದು ನೋಡಿದಳು.

"ಇದು ಡೋವಿದು" ಅಂದಳು.

ಡೋವಿ ಅವಳ ಒಬ್ಬಳೇ ಮಗಳು. ಹಲ್ಲು ಹುಟ್ಟುವ ಮೊದಲೇ ಸತ್ತ ಕೂಸು. ಮರುದಿನ ದೊಡ್ಡಮ್ಮ ಕಚೇರಿಗೆ ಹೋಗಿ ಬಾಟಲಿ ಕೇಳಿದಳು. ಗಾಜನ್ನೆಲ್ಲ ಮರುಬಳಕೆಗೆ ಕಳಿಸಿದ್ದೇವೆ, ಏನೂ ವ್ಯರ್ಥವಾಗಿಲ್ಲ ಎಂದು ಅಲ್ಲಿನವರು ಸಮಾಧಾನ ಹೇಳಿದರು.

ಈ ಏಪ್ರಿಲ್‌ನಲ್ಲಿ ದೊಡ್ಡಮ್ಮನ ಗಂಡ ಎಜ್ರಾ ದೊಡ್ಡಪ್ಪ ತೀರಿಕೊಂಡ. ಗಣಿಯಲ್ಲಿ ತಲೆಯ ಮೇಲಿನ ಬಂಡೆಗೆ ಬೋಲ್ಟು ಹೊಡೆಯುವ ಕೆಲಸ ಅವನದು. ದೂಳೆಲ್ಲ ನೇರ ಬಾಯಿಗೆ. ಕೊನೆಯ ವರ್ಷಗಳಲ್ಲಿ ಅವನು ಮಲಗುತ್ತಿರಲಿಲ್ಲ, ಕುರ್ಚಿಯಲ್ಲಿ ಕೂತೇ ನಿದ್ದೆ. ಕೂತರೂ ಉಸಿರು ಸಿಗುತ್ತಿರಲಿಲ್ಲ. ಅವನು ಕೇಳಿಕೊಂಡದ್ದು ಒಂದೇ. ಡೋವಿಯ ಗುಂಡಿಯನ್ನು ಅವನೇ ತೋಡಿದ್ದ. ಆಗಲೇ ಪಕ್ಕದಲ್ಲಿ ತನಗೊಂದು ಜಾಗ ಬಿಟ್ಟಿದ್ದ. ಅಲ್ಲಿ ಇಡಿ ಎಂದಿದ್ದ.

ಹೆಣವನ್ನು ಪೇಟೆಯ ಶೀತಪೆಟ್ಟಿಗೆಯಲ್ಲಿ ಇಟ್ಟು ನಾವು ಹ್ಯಾಲಮ್ ಕಚೇರಿಗೆ ಹೋದೆವು. ದೊಡ್ಡಮ್ಮ, ನಾನು, ನಮ್ಮ ಚರ್ಚಿನ ಪಾದ್ರಿ ಬಾಸ್ಕಮ್. ಹ್ಯಾಲಮ್ ತಾವೇ ಕಾಫಿ ಬೆರೆಸಿ ಕೊಟ್ಟರು. ದೊಡ್ಡಮ್ಮನ ಕೈ ಹಿಡಿದುಕೊಂಡು ಸಂತಾಪ ಹೇಳಿದರು. ಆ ಸಂತಾಪ ನಿಜವಾದದ್ದೇ. ಕಣ್ಣು ಒದ್ದೆಯಾಗಿತ್ತು.

"ಎಜ್ರಾ ಅವರ ಹೆಸರಲ್ಲಿ ಒಂದು ಬೆಂಚು ಹಾಕಿಸ್ತೀವಿ. ಸರಪಳಿ ಹತ್ರಾನೇ, ಒಳ್ಳೇ ನೆರಳಿದೆ. ಯಾರು ಬಂದ್ರೂ ಅವರ ಹೆಸರು ಓದ್ತಾರೆ."

"ಅವನಿಗೆ ಕೂತ್ರೂ ಉಸಿರು ಕಟ್ಟೋದು ಮೇಡಂ" ಅಂದಳು ದೊಡ್ಡಮ್ಮ. "ಬೆಂಚು ಯಾಕೆ? ಮಲಗೋಕೆ ಜಾಗ ಕೊಡಿ."

"ಆ ಜಾಗ ನಮ್ಮ ಶಾಶ್ವತ ಅಳತೆಯ ಚೌಕದೊಳಗೆ ಬರುತ್ತೆ. ಅರವತ್ತು ವರ್ಷದಿಂದ ಅಲ್ಲಿ ಒಂದು ಕಡ್ಡೀನೂ ಕದಲಿಸಿಲ್ಲ. ಗುಂಡಿ ತೋಡಿದ್ರೆ ಬೇರು ತುಂಡಾಗುತ್ತೆ. ಮುನ್ನೂರು ವರ್ಷದ ಓಕ್ ಮರ ಅದು. ನೀವೂ ಅದನ್ನ ಪ್ರೀತಿಸ್ತೀರಿ ಅಂತ ನಂಗೊತ್ತು."

"ಆ ಮರದ ಬುಡದ ಕೆಳಗೇ ಅವನು ಜೀವಮಾನ ಪೂರ್ತಿ ತೋಡಿದ. ಅಡಿಯಲ್ಲಿ ಡೈನಮೈಟು ಸಿಡಿಸ್ತಿದ್ರು. ಆಗ ನಿಮ್ಮ ಮರಕ್ಕೆ ಏನೂ ಆಗಲಿಲ್ವಾ?" ಅಂದಳು ದೊಡ್ಡಮ್ಮ.

ಹ್ಯಾಲಮ್ ತಾಳ್ಮೆಯಿಂದ ವಿವರಿಸಿದರು. "ಅದು ಬೇರೆ ವಿಷಯ. ನೆಲದಡಿಯ ಹಕ್ಕು ಕಂಪನೀದು. ನಮ್ಮದು ಮೇಲ್ಪದರ ಅಷ್ಟೇ."

ಮೇಲಿನ ಆರಡಿ ವಿಜ್ಞಾನಕ್ಕೆ. ಕೆಳಗಿನದೆಲ್ಲ ಕಂಪನಿಗೆ. ದೊಡ್ಡಪ್ಪ ಕೆಳಗೆ ಬೇಕಾದಷ್ಟು ದಿನ ಇರಬಹುದಿತ್ತು. ಮೇಲಿನ ಆರಡಿಗೆ ಬರುವಾಗ ಅಡ್ಡಿ.

"ರಾಜ್ಯದ ಕಾನೂನು ಪ್ರಕಾರ ಸ್ಮಶಾನಕ್ಕೆ ಹೋಗೋ ಬಂಧುಗಳನ್ನ ತಡೆಯೋ ಹಾಗಿಲ್ಲ" ಎಂದೆ ನಾನು.

"ಖಂಡಿತ. ಸ್ಮಶಾನ ಆಗಿದ್ರೆ ನಾನೇ ಬಾಗಿಲು ತೆಗೀತಿದ್ದೆ. ಅಲ್ಲಿ ಕಲ್ಲಿಲ್ಲ, ಹೆಸರಿಲ್ಲ, ಒಂದು ಚೂರು ಮಡಕೇನೂ ಇಲ್ಲ. ಬೇಕಾದ್ರೆ ಬಂದು ನೋಡಿ."

ದೊಡ್ಡಮ್ಮ ಕಾಫಿ ಲೋಟವನ್ನು ಕೆಳಗಿಟ್ಟಳು. ಮಡಕೆ ಚೂರು ಎಲ್ಲಿ ಹೋಯಿತು ಎಂದು ಅವಳು ಕೇಳಲಿಲ್ಲ.

ಹೊರಗೆ ಬಂದ ಮೇಲೆ ಪಾದ್ರಿ ಬಾಸ್ಕಮ್ ಟೋಪಿ ತಿರುಗಿಸುತ್ತ ನಿಂತ. ಒಳಗೆ ಅವನು ಕೆಮ್ಮಿದ್ದು ಬಿಟ್ಟರೆ ಬಾಯಿ ಬಿಟ್ಟಿರಲಿಲ್ಲ. "ಓಜೆಲ್ಲಕ್ಕ, ಒಳ್ಳೇ ಹೆಂಗಸು ಕಣಮ್ಮ ಆಯಮ್ಮ. ಪೇಟೆ ಸ್ಮಶಾನದಲ್ಲಿ ಈಗ ಎಲ್ಲರನ್ನೂ ಸೇರಿಸ್ಕೋತಾರೆ. ಅಲ್ಲೇ ಇಡೋಣ. ಎಲ್ಲಿಟ್ರೂ ದೇವರು ಎಬ್ಬಿಸ್ತಾನೆ."

"ದೇವರು ಎಬ್ಬಿಸ್ತಾನೆ ಪಾದ್ರಿಗಳೇ. ಎದ್ದ ತಕ್ಷಣ ಮಗು ಎಲ್ಲಿ ಅಂತಾನೆ ಎಜ್ರಾ. ಆಗ ನೀವು ಹೇಳ್ತೀರಾ, ಆಯಮ್ಮ ಒಳ್ಳೇ ಹೆಂಗಸು ಅಂತ?"

"ಕೇಸು ಹಾಕ್ತಾರೆ."

"ಹಾಕಲಿ. ನಂಗೆ ಎಪ್ಪತ್ತು ದಾಟಿದೆ. ಜೈಲಲ್ಲಿ ಬೆಚ್ಚಗಿರುತ್ತಂತೆ." ಅವಳು ನನ್ನ ಕಡೆ ತಿರುಗಿದಳು. "ಥಿಯಾ, ನಿನ್ನ ಹತ್ರ ಪಿಕಾಸಿ ಇದ್ಯಾ?"

ಶನಿವಾರ ಬೆಳಿಗ್ಗೆ, ಬಿಸಿಲು ಬಿದ್ದ ಮೇಲೆ, ಎಲ್ಲರೂ ನೋಡುವ ಹಾಗೆ ಸರಪಳಿ ದಾಟಿದೆವು. ಕದ್ದು ಮಾಡುವ ಕೆಲಸ ಅಲ್ಲ ಇದು ಎಂದು ದೊಡ್ಡಮ್ಮ ಮೊದಲೇ ಹೇಳಿದ್ದಳು. ನಮ್ಮಲ್ಲಿ ಗುಂಡಿಯನ್ನು ಕೂಲಿಗೆ ತೋಡಿಸುವುದಿಲ್ಲ, ನೆಂಟರು, ನೆರೆಯವರು ತೋಡಬೇಕು. ಗಂಡಸರ ಕೆಲಸ ಅದು. ಆದರೆ ಕೊಳ್ಳದಲ್ಲಿ ಉಳಿದ ಗಂಡಸರಿಗೆ ಶ್ವಾಸಕೋಶ ಉಳಿದಿಲ್ಲ. ಅವರು ಬಕೆಟ್ಟು ಬೋರಲು ಹಾಕಿ ಕೂತು, ಕೆಮ್ಮುತ್ತ, ನಮಗೆ ಬುದ್ಧಿ ಹೇಳಿದರು. ತೋಡಿದ್ದು ನಾನು, ಪಕ್ಕದ ಮನೆಯ ಕ್ಲಿಯೋಟಾ, ಅವಳ ಸೊಸೆ, ದೊಡ್ಡಮ್ಮ.

"ಮೂಲೆ ನೇರ ಬರ್ಲಿ ಕ್ಲಿಯೋಟಾ" ಅಂದ ಒಬ್ಬ ಮುದುಕ. "ಆಲೂಗಡ್ಡೆ ಹಾಕ್ತಿಲ್ಲ ನೀನು."

"ನೇರ ಬೇಕಾದ್ರೆ ಇಳಿದು ಬಾರೋ."

"ಇಳಿದ್ರೆ ನಂಗೂ ಅಲ್ಲೇ ಮಣ್ಣು ಹಾಕಿಬಿಡ್ತೀಯ."

"ಹಾಕ್ತಿದ್ದೆ. ನಿನ್ನ ಪಕ್ಕ ಮಲಗೋ ಕರ್ಮ ಎಜ್ರಾಗೆ ಯಾಕೆ?"

ಮೇಲೆ ಗೇಣು ಕಪ್ಪು ಮಣ್ಣು. ಅದರಡಿ ಹಳದಿ ಜೇಡಿ. ಅದು ಗುದ್ದಲಿಗೆ ಅಂಟಿಕೊಂಡು ಬಿಡುತ್ತಿರಲಿಲ್ಲ. ಪ್ರತಿ ಸಲ ಕೈಯಿಂದ ಬಳಿದು ತೆಗೆಯಬೇಕು. ಜೇಡಿಯಡಿ ಕಲ್ಲು. ಪಿಕಾಸಿ ಬಿದ್ದರೆ ಕಿಡಿ ಹಾರಿ ಮೊಣಕೈ ತನಕ ಜುಮ್ಮೆನ್ನುತ್ತಿತ್ತು. ಅಂಗೈ ಬೊಕ್ಕೆ ಎದ್ದು ಒಡೆಯಿತು. ಸೊಂಟದಾಳಕ್ಕೆ ಬರುವಾಗ ನನ್ನ ತೋಳಿಗಿಂತ ದಪ್ಪನೆಯ ಬೇರು ಅಡ್ಡ ಬಂತು. ನಾನು ನಿಂತೆ. ಆ ಓಕ್ ಮರ ನನಗೆ ಇಷ್ಟ. ಅದರ ಎಲೆಯ ನರ ನರ ನನಗೆ ಗೊತ್ತು. ಹ್ಯಾಲಮ್ ಹೇಳಿದ್ದು ಅಷ್ಟರ ಮಟ್ಟಿಗೆ ನಿಜ.

"ಯಾಕೆ ನಿಂತೆ?" ಅಂದಳು ದೊಡ್ಡಮ್ಮ.

"ಬೇರು ದೊಡ್ಡಮ್ಮ. ಗಾಯ ಆಗುತ್ತೆ ಮರಕ್ಕೆ."

ಅವಳು ಅಂಚಿನಲ್ಲಿಟ್ಟಿದ್ದ ಗರಗಸ ಎಳೆದುಕೊಂಡು ಗುಂಡಿಯಲ್ಲಿ ಮೊಣಕಾಲೂರಿದಳು. "ಇಷ್ಟು ವರ್ಷ ನಮ್ಮನ್ನೇ ತಿಂದು ಬೆಳೆದಿದೆ. ಒಂದು ಬೇರು ಕೊಟ್ರೆ ಸಾಯಲ್ಲ" ಅಂದಳು. ಕೊಯ್ಯತೊಡಗಿದಳು. ಉಸಿರು ಸಾಲದೆ ನಡುವೆ ನಿಲ್ಲಿಸುವಳು. ಮತ್ತೆ ಕೊಯ್ಯುವಳು. ಗರಗಸ ಬೇರೆಯವರಿಗೆ ಕೊಡಲಿಲ್ಲ.

ಬೇರು ತುಂಡಾಗುವ ಹೊತ್ತಿಗೆ ಹ್ಯಾಲಮ್ ಬಂದರು. ಜೊತೆಯಲ್ಲಿ ಪೊಲೀಸಿನ ವೆಂಡೆಲ್ ಫ್ರೇಲಿ. ಈ ಬೆಟ್ಟದ ಹುಡುಗನೇ, ಬಿಳಿಯ. ಅವನ ತಾತ ದೊಡ್ಡಪ್ಪನ ಜೊತೆ ಒಂದೇ ಪಾಳಿಯಲ್ಲಿದ್ದ. ಪಾಳಿ ಒಂದೇ, ಮೇಲೆ ಬಂದ ಮೇಲೆ ಸ್ನಾನದ ಕೋಣೆ ಬೇರೆ.

ಹ್ಯಾಲಮ್ ಗುಂಡಿ ನೋಡಿದರು. ತುಂಡಾದ ಬೇರು ನೋಡಿದರು. ಮುಖ ಬಿಳುಚಿತು. "ಏನು ಮಾಡಿಬಿಟ್ರಿ" ಅಂದರು. ಆ ದನಿಯಲ್ಲಿ ಸಾವಿನ ಮನೆಯ ದುಃಖವಿತ್ತು. ಮೊನ್ನೆ ನಮಗೆ ಸಂತಾಪ ಹೇಳಿದಾಗ ಇದ್ದದ್ದಕ್ಕಿಂತ ಹೆಚ್ಚೇ ಇತ್ತು. "ಥಿಯಾ, ನೀನು ಓದಿದವಳು. ನೀನಾದ್ರೂ ಹೇಳಬಾರದಿತ್ತಾ?"

"ಹೇಳಿದ್ದೆ ಮೇಡಂ. ಎರಡನೇ ವರ್ಷದಲ್ಲಿ. ನಿಮಗೆ."

ವೆಂಡೆಲ್ ಕೆಮ್ಮಿ ಮುಂದೆ ಬಂದ. "ಓಜೆಲ್ಲಮ್ಮ, ಮೇಲೆ ಬನ್ನಿ. ಕೈ ಕೊಡಿ."

"ಕೆಲಸ ಇದೆ ಕಣಪ್ಪ. ನಿಮ್ಮ ತಾತ ಹೇಗಿದಾರೆ?"

"ಹೋದ್ರಲ್ಲ, ಎರಡು ವರ್ಷ ಆಯ್ತು."

"ಎಲ್ಲಿಟ್ರಿ?"

ಅವನು ಹೊಳೆ ದಂಡೆಯ ಕಡೆ ಕೈ ತೋರಿಸಿದ. ಆಮೇಲೆ ಕೈ ಇಳಿಸಿಕೊಂಡ.

"ಹೆಂಡತಿ ಪಕ್ಕದಲ್ಲೇನಾ?"

"ಹೂಂ."

"ಯಾರ ಹತ್ರ ಕೇಳಿದ್ರಿ?"

ವೆಂಡೆಲ್ ಹ್ಯಾಲಮ್ ಕಡೆ ತಿರುಗಿದ. "ಮೇಡಂ, ಕಾನೂನು ಸ್ವಲ್ಪ ಸೂಕ್ಷ್ಮ ಇದೆ. ಸ್ಮಶಾನ ಆದ್ರೆ ನಾನು ತಡೆಯೋ ಹಾಗಿಲ್ಲ. ಕಾಡು ಆದ್ರೆ ಅತಿಕ್ರಮಣ."

"ಕಾಡು" ಅಂದರು ಹ್ಯಾಲಮ್. "ಇಲ್ಲಿ ಒಂದೇ ಒಂದು ಹೆಣ ಇದೆ ಅನ್ನೋಕೆ ಆಧಾರ ಇಲ್ಲ."

"ಒಂದಿದ್ರೆ ಸಾಕಾ?" ಕೇಳಿದಳು ದೊಡ್ಡಮ್ಮ, ಗುಂಡಿಯಿಂದ.

ವೆಂಡೆಲ್ ತಲೆ ಕೆರೆದುಕೊಂಡ. "ಒಂದಿದ್ರೆ... ಒಂದಿದ್ರೂ ಸ್ಮಶಾನಾನೇ ಅನ್ಸುತ್ತೆ."

ದೊಡ್ಡಮ್ಮ ಅಂಗೈಯ ಜೇಡಿಯನ್ನು ಲಂಗಕ್ಕೆ ಒರೆಸಿದಳು. ಸರಪಳಿಯ ಆಚೆ ಶವದ ವ್ಯಾನು ನಿಂತಿತ್ತು. ಚಾಲಕ ಸಿಗರೇಟು ಸೇದುತ್ತಿದ್ದ. ವ್ಯಾನಿನ ಪಕ್ಕ ಪಾದ್ರಿ ಬಾಸ್ಕಮ್ ಬೈಬಲ್ಲನ್ನು ಎದೆಗೆ ಒತ್ತಿಕೊಂಡು, ಬರಲೂ ಆಗದೆ ಹೋಗಲೂ ಆಗದೆ ನಿಂತಿದ್ದ. ದೊಡ್ಡಮ್ಮ ಅವನ ಕಡೆ ಕೂಗಿದಳು.

"ಪಾದ್ರಿಗಳೇ, ಇವರಿಗೆ ಆಧಾರ ಬೇಕಂತೆ. ತಗೊಂಬನ್ನಿ."

ಹ್ಯಾಲಮ್‌ಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. "ತಡೀರಿ ಇವರನ್ನ" ಅಂದರು ವೆಂಡೆಲ್‌ಗೆ.

"ಮೇಲಿನವರನ್ನ ಒಂದು ಮಾತು ಕೇಳ್ಬೇಕು ಮೇಡಂ." ಅವನು ಫೋನು ತೆಗೆದು ಆಕಾಶಕ್ಕೆ ಹಿಡಿದ. "ಕೊಳ್ಳದಲ್ಲಿ ಸಿಗ್ನಲ್ ಇಲ್ಲ. ಕೆಳಗಡೆ ರಸ್ತೆಗೆ ಹೋಗಿ ಕೇಳ್ಕೊಂಡು ಬರ್ತೀನಿ. ಬಂದು ಖಂಡಿತ ಕೇಸು ಬರೀತೀನಿ." ಅವನು ಹೋದ. ಆ ವಯಸ್ಸಿನ ಗಂಡಸು ಅಷ್ಟು ನಿಧಾನವಾಗಿ ಇಳಿಜಾರು ಇಳಿಯುವುದನ್ನು ನಾನು ನೋಡಿರಲಿಲ್ಲ.

ಪೆಟ್ಟಿಗೆ ಹೊರಲು ಆರು ಜನ ಬೇಕು. ಪಾದ್ರಿ ಮುಂದೆ ಬಂದು ಒಂದು ಹಿಡಿ ಹಿಡಿದ. ಯಾರೂ ಕರೆಯಲಿಲ್ಲ, ಅವನೇ ಬಂದ. ಮುಖ ಹೆದರಿಕೆಯಿಂದ ಬೂದಿಯಾಗಿತ್ತು. ವ್ಯಾನಿನ ಚಾಲಕ ಸಿಗರೇಟು ಹೊಸಕಿ ಇನ್ನೊಂದು ಹಿಡಿದ. ನಾನು, ಕ್ಲಿಯೋಟಾ, ಅವಳ ಸೊಸೆ ಮೂರು ಹಿಡಿದೆವು. ಆರನೆಯದನ್ನು ಮುದುಕರು ಸರದಿಯಲ್ಲಿ ಹಿಡಿದರು. ನಾಲ್ಕು ಹೆಜ್ಜೆಗೊಬ್ಬ. ಉಸಿರು ಮುಗಿದವನು ಮರಕ್ಕೆ ಒರಗುವನು, ಮುಂದಿನವನು ಕೈ ಹಾಕುವನು. ದಾರಿ ಕಡಿದಾಗಿತ್ತು. ನನ್ನ ಅಂಗೈಯ ಒಡೆದ ಬೊಕ್ಕೆ ಹಿಡಿಗೆ ಅಂಟಿ ಉರಿಯಿತು.

ದೊಡ್ಡಮ್ಮ ಗುಂಡಿಯಿಂದ ಮೇಲೆ ಬಂದು, ಗುದ್ದಲಿಯ ಕಾವಿಗೆ ಒರಗಿ ಕಾಯುತ್ತಿದ್ದಳು. ಅವಳಿಗೂ ನಮಗೂ ನಡುವೆ ಕಾಲುದಾರಿಯ ಮೇಲೆ ಹ್ಯಾಲಮ್ ನಿಂತಿದ್ದರು. ಒಬ್ಬರೇ. ಪೆಟ್ಟಿಗೆ ಹೊತ್ತವರು ಕಷ್ಟಪಟ್ಟು ಹಿಡಿಯುವಷ್ಟೇ ಅಗಲದ ದಾರಿ ಅದು. ಎರಡು ಕಡೆಯೂ ಹಗ್ಗ ಎಳೆದಿತ್ತು. ನೆಲ ಗಟ್ಟಿಯಾಗಬಾರದೆಂದು ಯಾರೂ ಹಗ್ಗ ದಾಟುವಂತಿಲ್ಲ. ಆ ನಿಯಮ ಅವರೇ ಮಾಡಿದ್ದು.

"ದಯವಿಟ್ಟು ಬೇಡ" ಅಂದರು. "ಇನ್ನೊಂದು ವಾರ ಕೊಡಿ. ಸಮಿತಿ ಮುಂದೆ ಇಡ್ತೀನಿ."

ಪೆಟ್ಟಿಗೆ ಅವರ ಎದೆಯ ತನಕ ಬಂತು. ನಾವು ನಿಲ್ಲಲಿಲ್ಲ. ನಿಂತರೆ ಮತ್ತೆ ಎತ್ತಲು ನಮ್ಮಿಂದ ಆಗುತ್ತಿರಲಿಲ್ಲ.

ಹ್ಯಾಲಮ್ ಹಗ್ಗವನ್ನು ನೋಡಿದರು. ಪೆಟ್ಟಿಗೆಯನ್ನು ನೋಡಿದರು. ಹಗ್ಗ ದಾಟಿ ಪಕ್ಕದ ಎಲೆಗಳ ಮೇಲೆ ಕಾಲಿಟ್ಟರು.

"ಅಲ್ಲಿ ಬೇಡ ಮೇಡಂ" ಅಂದಳು ದೊಡ್ಡಮ್ಮ. ಗದರಲಿಲ್ಲ. ಅಂಗಳಕ್ಕೆ ಬಂದವರಿಗೆ ಹೇಳುವ ಹಾಗೆ ಹೇಳಿದಳು. "ಅದು ನನ್ನ ಮಗಳು."

ಹ್ಯಾಲಮ್ ಕಾಲು ಎತ್ತಿದರು. ಎತ್ತಿದ ಕಾಲನ್ನು ಎಡಕ್ಕೆ ಇಡಹೋಗಿ ನಿಂತರು. ಬಲಕ್ಕೆ ನೋಡಿದರು. ಸುತ್ತ ದಿಬ್ಬಗಳು. ಎಲ್ಲ ಒಂದೇ ದಿಕ್ಕಿಗೆ ಮಲಗಿದ್ದವು. ಅವರು ಒಂಟಿ ಕಾಲಲ್ಲಿ, ಒಂದು ಕೈಯಿಂದ ಹಗ್ಗ ಹಿಡಿದು, ಕಾಲಿಡಲು ಜಾಗ ಹುಡುಕುತ್ತ ನಿಂತರು.

ನಾವು ಅವರನ್ನು ದಾಟಿ ಮುಂದೆ ಹೋದೆವು. ದೊಡ್ಡಪ್ಪ ಭಾರವಾಗಿದ್ದ.